ಸೌಮ್ಯ ಪತ್ರ ಬರೆದ ಮಳೆಗಾಲ

ಕಳೆದ ವಾರ ವಿಧವಾ ವೇತನದ ಕಾಗದಪತ್ರಕ್ಕೆಂದು ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಕಂಕನಾಡಿಗೆ ಹೋಗಿದ್ದೆ. ಮಾರ್ಕೆಟಿನ ಹಿಂದಿನ ಓಣಿಯಲ್ಲಿರುವ ಅದೇ ಅಂಗಡಿ. ಮಳೆ ಹೊಯ್ಯುತ್ತಿತ್ತು. ಬಾಗಿಲಲ್ಲಿ ನಾಲ್ಕೈದು ಒದ್ದೆ ಕೊಡೆಗಳು ಬಿದ್ದಿದ್ದವು. ಯಂತ್ರದಿಂದ ಬಿಸಿ ಕಾಗದ ಹೊರಗೆ ಬಂತು. ಆ ಕಾಗದದ ವಾಸನೆಯೂ ಕೊಡೆಗಳ ವಾಸನೆಯೂ ಸೇರಿ ಮೂಗಿಗೆ ಬಡಿಯಿತು. ಎಷ್ಟು ಕಾಪಿ ಎಂದು ಅಂಗಡಿಯ ಹುಡುಗಿ ಎರಡು ಸಲ ಕೇಳಿದಳಂತೆ. ನನಗೆ ಕೇಳಿಸಲಿಲ್ಲ. ನಾನು ಮೇಲಿನ ಮಾಳಿಗೆಗೆ ಹೋಗುವ ಮೆಟ್ಟಿಲನ್ನು ನೋಡುತ್ತಿದ್ದೆ. ಎರಡು ವರ್ಷದ ಹಿಂದೆ ಒಂದು ಇಡೀ ಮಳೆಗಾಲ ನಾನು ಆ ಮೆಟ್ಟಿಲಿನ ಮೇಲೆ ಹೆದರಿಕೊಂಡು ಕೂತಿದ್ದೆ.

ಅನ್ವಿ, ಇಶಿ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುವುದು ತುಳು. ಆದರೆ ಬರೆಯಲು ನನಗೆ ಬರುವುದು ಕನ್ನಡ ಮಾತ್ರ, ಅದೂ ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತದ್ದು. ನಿಮಗೆ ಅಷ್ಟು ದೂರದ ಊರಿನಲ್ಲಿ ಕನ್ನಡ ಓದುವುದು ಮರೆತುಹೋಗಿದ್ದರೆ ಅಮ್ಮನೇ ಓದಿ ಹೇಳಲಿ. ಇದರಲ್ಲಿ ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

ಆಗ ನಾವು ನಾಲ್ಕು ಜನ ಕಂಕನಾಡಿಯ ಒಂದು ಬಾಡಿಗೆ ಮನೆಯಲ್ಲಿದ್ದೆವು, ಎರಡನೇ ಮಾಳಿಗೆಯಲ್ಲಿ. ನಿಮ್ಮ ಅಮ್ಮ, ನನ್ನ ಮಗಳು ಸೌಮ್ಯ, ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ನಿಮ್ಮ ಪಪ್ಪ ಹರೀಶ ಮಸ್ಕತ್‌ನಲ್ಲಿ, ಆರು ಜನ ಮಲಗುವ ಒಂದು ರೂಮಿನಲ್ಲಿ. ಎರಡು ವರ್ಷಕ್ಕೊಮ್ಮೆ ನಲವತ್ತು ದಿನದ ರಜೆಗೆ ಬರುತ್ತಿದ್ದ. ಇಶಿ, ಆ ಮಳೆಗಾಲದ ಹಿಂದಿನ ರಜೆಯಲ್ಲಿ ಅವನು ಮನೆಯೊಳಗೆ ಕಾಲಿಟ್ಟಾಗ ನೀನು ಫ್ರಿಜ್ಜಿನ ಹಿಂದೆ ಅಡಗಿ ಕೂತೆ. ಫೋನಿನೊಳಗಿನ ಪಪ್ಪ ಬೇರೆ, ಬಾಗಿಲಲ್ಲಿ ನಿಂತವ ಬೇರೆ ಎಂದು ನಿನಗೆ ಅನಿಸಿರಬೇಕು. ನಿನ್ನನ್ನು ಹೊರಗೆ ತರಲು ನಮಗೆ ಅರ್ಧ ಗಂಟೆ ಬೇಕಾಯಿತು. ಅವನು ಚೀಲ ಕೆಳಗಿಡದೆ ಅಲ್ಲೇ ನಿಂತಿದ್ದ. ಅವನು ವಾಪಸು ಹೋದ ಮಾರನೆಯ ದಿನವೇ ಸೌಮ್ಯ ಐರ್ಲೆಂಡಿನ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದಳು. ಅಲ್ಲಿ ಕೆಲಸವಾದರೆ ಗಂಡನನ್ನೂ ಮಕ್ಕಳನ್ನೂ ಕರೆಸಿಕೊಳ್ಳಬಹುದು, ಎಲ್ಲರೂ ಒಂದೇ ಮನೆಯಲ್ಲಿ ಇರಬಹುದು ಎಂದಳು. ಫೋನಿನಲ್ಲೇ ಸಂದರ್ಶನ ನಡೆದು ಕೆಲಸವೂ ಸಿಕ್ಕಿತು. ಬಾಕಿ ಉಳಿದದ್ದು ನರ್ಸುಗಳಿಗೆಂದೇ ಇರುವ ಒಂದು ಇಂಗ್ಲಿಷ್ ಪರೀಕ್ಷೆ.

ಅದರಲ್ಲಿ ನಾಲ್ಕು ಭಾಗ. ಕೇಳುವುದು, ಓದುವುದು, ಮಾತಾಡುವುದು ಮೂರರಲ್ಲೂ ಅವಳು ಚೆನ್ನಾಗಿ ತೇರ್ಗಡೆಯಾದಳು. ಬರೆಯುವ ಭಾಗದಲ್ಲಿ ಎರಡು ಸಲ ಬಿದ್ದಳು. ಸೆಪ್ಟೆಂಬರ್ ಕೊನೆಯೊಳಗೆ ಪಾಸಾಗದಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಆಸ್ಪತ್ರೆಯವರು ಬರೆದು ತಿಳಿಸಿದರು. ಮೂರನೆಯ ಪರೀಕ್ಷೆಯ ದಿನ ಬಂದದ್ದು ಆಗಸ್ಟಿನ ಮೊದಲಿಗೆ, ಆಟಿ ತಿಂಗಳಲ್ಲಿ. ಆಟಿಯಲ್ಲಿ ಒಳ್ಳೆಯ ಕೆಲಸಕ್ಕೆ ಕೈ ಹಾಕಬಾರದು ಎಂದು ಕೆಳಗಿನ ಮನೆಯ ಹೆಂಗಸು ಮೆಟ್ಟಿಲಲ್ಲಿ ಸಿಕ್ಕಿದಾಗಲೆಲ್ಲ ನೆನಪಿಸುತ್ತಿದ್ದರು. ನಾನು ತಲೆ ತಗ್ಗಿಸಿ ಮೇಲೆ ಬರುತ್ತಿದ್ದೆ.

ಬರೆಯುವ ಭಾಗ ಎಂದರೆ ಒಂದು ಪತ್ರ. ಒಬ್ಬ ರೋಗಿಯ ವಿವರಗಳನ್ನು ಚುಕ್ಕಿ ಚುಕ್ಕಿಯಾಗಿ ಬರೆದ ಹಾಳೆ ಕೊಡುತ್ತಾರೆ. ಐದು ನಿಮಿಷ ಓದಬೇಕು, ಆಗ ಪೆನ್ನು ಮುಟ್ಟಬಾರದು. ಮತ್ತಿನ ನಲವತ್ತು ನಿಮಿಷದಲ್ಲಿ ಆ ರೋಗಿಯನ್ನು ಮುಂದೆ ನೋಡಿಕೊಳ್ಳುವ ಡಾಕ್ಟರಿಗೋ ನರ್ಸಿಗೋ ಪತ್ರ ಬರೆಯಬೇಕು. ಅಷ್ಟೇ. ದಿನಕ್ಕೆ ಮೂವತ್ತು ರೋಗಿಗಳನ್ನು ನೋಡುವವಳಿಗೆ ಇದೇನು ಕಷ್ಟ ಎಂದು ನಾನು ಮೊದಲು ಎಣಿಸಿದ್ದೆ.

ಬೆಳಗ್ಗಿನ ಡ್ಯೂಟಿ ಮುಗಿಸಿ ಮೂರೂವರೆಗೆ ಅವಳು ಊಟದ ಮೇಜಿಗೆ ಕೂರುತ್ತಿದ್ದಳು. ಗಂಟೆ ನೋಡುವುದು ನನ್ನ ಕೆಲಸ. ಫೋನಿನ ಅಲಾರಂ ಇಡಲು ನನಗೆ ಧೈರ್ಯವಿರಲಿಲ್ಲ. ತಪ್ಪು ಗುಂಡಿ ಒತ್ತಿದರೆ ಎಂದು ಹೆದರಿ ಗೋಡೆಯ ಗಡಿಯಾರದ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಐದು ನಿಮಿಷವಾದಾಗ ಒಮ್ಮೆ ಮೇಜು ತಟ್ಟಬೇಕು, ನಲವತ್ತು ಮುಗಿದಾಗ ಮತ್ತೊಮ್ಮೆ. ಅಷ್ಟು ಹೊತ್ತು ನೀವಿಬ್ಬರೂ ಒಳಗಿನ ಕೋಣೆಯಲ್ಲಿ ಬಾಯಿ ಮುಚ್ಚಿ ಚಿತ್ರಕ್ಕೆ ಬಣ್ಣ ಹಾಕುತ್ತಿರಬೇಕು. ಇಶಿ ಎಂಜಲು ನುಂಗಿದರೂ ನನಗೆ ಕೇಳುತ್ತಿತ್ತು. ಹೊರಗೆ ಮಳೆ ತಗಡಿನ ಮೇಲೆ ಬಡಿಯುವಾಗ ಅದಕ್ಕೂ ಸುಮ್ಮನಿರು ಎನ್ನಬೇಕೆಂದು ತೋರುತ್ತಿತ್ತು. ಮೂವತ್ತು ನಿಮಿಷ ಆಗುವಷ್ಟರಲ್ಲಿ ಸೌಮ್ಯಳ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ನಲವತ್ತಾದಾಗ ನಾನು ಮೇಜು ತಟ್ಟುತ್ತಿದ್ದೆ. ಅವಳ ಪತ್ರ ಮುಗಿದಿರುತ್ತಿತ್ತು, ಆದರೆ ಯಾವತ್ತೂ ಸರಿಯಾಗಿರುತ್ತಿರಲಿಲ್ಲ.

ಹಾಗೆಂದು ಹೇಳುತ್ತಿದ್ದವರು ಫಿಲೋಮಿನಾ ಮೇಡಂ. ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಏಳೆಂಟು ನರ್ಸುಗಳಿಗೆ ಪತ್ರ ಬರೆಯುವುದನ್ನು ಕಲಿಸುತ್ತಿದ್ದರು. ವಾರಕ್ಕೆ ಎರಡು ಸಂಜೆ ಸೌಮ್ಯ ಅಲ್ಲಿಗೆ ಹೋಗುತ್ತಿದ್ದಳು. ನಿಮ್ಮಿಬ್ಬರನ್ನು ಕರೆದುಕೊಂಡು ನಾನೂ ಹೋಗಿ ಮೆಟ್ಟಿಲಿನ ಮೇಲೆ ಕೂರುತ್ತಿದ್ದೆ. ಒಳಗೆ ಬನ್ನಿ ಎಂದು ಅವರು ಕರೆದರೂ ನಾನು ಹೋಗಲಿಲ್ಲ. ಅಷ್ಟು ಜನ ಓದಿದ ಹುಡುಗಿಯರ ನಡುವೆ ನಾನೆಲ್ಲಿ ಕೂರುವುದು? ಬಾಗಿಲು ಅರ್ಧ ತೆರೆದಿರುತ್ತಿತ್ತು, ಮಾತೆಲ್ಲ ಕೇಳುತ್ತಿತ್ತು. ಇಂಗ್ಲಿಷ್ ನನಗೆ ತಿಳಿಯದು. ಆದರೆ ಮೇಡಂ ಬೈಯುವುದೆಲ್ಲ ಕನ್ನಡದಲ್ಲೇ.

ಸೌಮ್ಯಳ ತಪ್ಪು ಭಾಷೆಯದ್ದಲ್ಲ ಎಂದು ನನಗೆ ಆ ಮೆಟ್ಟಿಲಿನ ಮೇಲೆಯೇ ಗೊತ್ತಾಯಿತು. ಅವಳು ಪತ್ರದ ತಲೆಯಲ್ಲಿ ರೋಗಿ ಎಷ್ಟು ಒಳ್ಳೆಯವರು, ಯಾವ ಕೆಲಸ ಮಾಡುತ್ತಿದ್ದರು, ಊಟ ಹೇಗೆ ಮಾಡುತ್ತಾರೆ ಎಂದೆಲ್ಲ ಬರೆಯುತ್ತಿದ್ದಳಂತೆ. ಶ್ವಾಸಕೋಶದಲ್ಲಿ ಗಡ್ಡೆ ಕಂಡಿದೆ, ಕೂಡಲೇ ನೋಡಿ ಎನ್ನುವ ಮಾತು ಪತ್ರದ ಬಾಲದಲ್ಲಿ ಬರುತ್ತಿತ್ತು. ಅದೂ ಎದೆಯಲ್ಲಿ ಸ್ವಲ್ಪ ತೊಂದರೆ ಕಾಣುತ್ತದೆ ಎಂಬ ಹಾಗೆ. ವಾರ್ಡಿನಲ್ಲಿ ರೋಗಿಯ ಮನೆಯವರಿಗೆ ಅವಳು ಹೇಳುತ್ತಿದ್ದದ್ದೂ ಹಾಗೆಯೇ. ಅವಳು ಮೃದು ಎಂದು ಎಲ್ಲರೂ ಹೊಗಳುತ್ತಿದ್ದರು. ಪತ್ರ ತಿದ್ದುವವರು ಹೊಗಳಲಿಲ್ಲ.

ಒಂದು ಸಂಜೆ ಮೇಡಂ ಅವಳ ಹಾಳೆಯನ್ನು ಹಿಡಿದುಕೊಂಡು ಎಲ್ಲರೆದುರೇ ಹೇಳಿದರು. "ನೀನು ಬರೆದದ್ದು ಪತ್ರ ಅಲ್ಲ ಮಾರಾಯ್ತಿ. ನಮ್ಮ ಊರಿನವರು ಮರಣದ ಸುದ್ದಿ ತರ್ತಾರಲ್ಲ, ಆ ಕ್ರಮ. ಸ್ವಲ್ಪ ಹುಷಾರಿಲ್ಲ, ಒಮ್ಮೆ ಬಂದು ಹೋಗಿ ಅಂತ. ಅಲ್ಲಿಗೆ ಹೋಗಿ ನೋಡಿದ್ರೆ ಹೆಣ ಸ್ನಾನಕ್ಕೆ ತಯಾರಾಗಿರ್ತದೆ."

ಹುಡುಗಿಯರು ನಕ್ಕರು. ನಾನು ಮೆಟ್ಟಿಲಿನ ಮೇಲೆ ಇಶಿಯ ಕೂದಲು ಬಾಚುತ್ತಿದ್ದೆ. ಬಾಚಣಿಗೆ ಕೈಯಿಂದ ಜಾರಿ ಕೆಳಗಿನ ಅಂಗಡಿಯವರೆಗೂ ಹೋಯಿತು.

ಕ್ಲಾಸು ಬಿಟ್ಟ ಮೇಲೆ ಮೇಡಂ ಹೊರಗೆ ಬಂದು ನನ್ನ ಪಕ್ಕದಲ್ಲೇ ನಿಂತರು. ಇವಳು ಬರೆದದ್ದನ್ನು ಮನೆಯಲ್ಲಿ ಯಾರು ಕೇಳುತ್ತಾರೆ ಎಂದು ವಿಚಾರಿಸಿದರು. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾನು ಗೋಡೆಯ ಕಡೆ ತಿರುಗಿ ಹೇಳಿದೆ.

"ಬರದಿದ್ರೇ ಒಳ್ಳೆಯದು," ಎಂದರು ಅವರು. "ಬರೆಯುವ ಮೊದಲು ಅವಳು ನಿಮಗೆ ಒಂದೇ ವಾಕ್ಯದಲ್ಲಿ ಹೇಳ್ಬೇಕು. ಈ ಮನುಷ್ಯನಿಗೆ ಎಂತ ಆಗಿದೆ, ನೀವು ಎಂತ ಮಾಡ್ಬೇಕು. ನೀವೇ ಆ ಊರಿನ ಡಾಕ್ಟರ್ ಅಂತ ತಿಳ್ಕೊಳ್ಳಿ. ನಿಮಗೆ ಅರ್ಥ ಆಗದಿದ್ರೆ ಅವರಿಗೂ ಆಗುದಿಲ್ಲ."

ಹೀಗೆ ನಾನು ಐರ್ಲೆಂಡಿನ ಡಾಕ್ಟರಾದೆ. ನಿಮಗೆ ಇದು ನೆನಪಿರಬಹುದು, ಏಕೆಂದರೆ ನಿಮಗೆ ಆ ದಿನಗಳಲ್ಲಿ ನಗಲು ಸಿಕ್ಕಿದ್ದು ಇದೊಂದೇ. ಅನ್ವಿ ನನ್ನ ಕುತ್ತಿಗೆಗೆ ಆಟದ ಸ್ಟೆತಸ್ಕೋಪ್ ಹಾಕಿ "ಡಾಕ್ಟರ್ ಅಜ್ಜಿ, ನಿಮ್ಮ ಫೀಸ್ ಎಷ್ಟು?" ಎಂದು ಕೇಳುತ್ತಿದ್ದಳು. ಸೌಮ್ಯ ಹಾಳೆ ಓದಿ ಹೇಳಲು ತೊಡಗುತ್ತಿದ್ದಳು. ಇವರಿಗೆ ಎಪ್ಪತ್ತೆರಡು ವರ್ಷ, ಹೆಂಡತಿ ತೀರಿಕೊಂಡಿದ್ದಾರೆ, ತೋಟದ ಕೆಲಸ ಅಂದರೆ ಇಷ್ಟ, ಮನೆಯಲ್ಲಿ ಒಂದು ನಾಯಿ ಉಂಟು, ಮೊನ್ನೆಯಿಂದ ನಾಯಿಯನ್ನು ತಿರುಗಾಡಿಸಲು ಕರೆದುಕೊಂಡು ಹೋಗುತ್ತಿಲ್ಲ.

"ನಾಯಿಗೆ ಎಂತ ಆಗಿದೆ?" ಎಂದು ನಾನು ಕೇಳಿದೆ.

"ನಾಯಿಗೆ ಎಂತದೂ ಆಗ್ಲಿಲ್ಲ ಅಮ್ಮ. ಇವರ ಕಾಲಿನ ಬೆರಳು ಕಪ್ಪಾಗಿದೆ. ಶುಗರ್."

"ಹಾಗಾದ್ರೆ ನಾಯಿಯನ್ನು ಯಾಕೆ ತಂದೆ ನನ್ನ ಹತ್ತಿರ?"

ಅವಳು ನಕ್ಕಳು. ನಾನೂ ನಕ್ಕೆ. ಆ ಪತ್ರದ ಮೊದಲ ವಾಕ್ಯ ಸರಿಯಾಗಿ ಬಂತು. ನಂತರದ ಎರಡು ಮೂರು ಪತ್ರಗಳೂ ಪರವಾಗಿಲ್ಲ ಎಂದರು ಮೇಡಂ. ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು ಎನ್ನುವಾಗ ಆ ಹಾಳೆ ಬಂತು.

ನಲವತ್ತು ದಾಟಿದ ಗಂಡಸು. ಬಂದರಿನಲ್ಲಿ ಕೆಲಸ, ಒಂದು ರೂಮಿನಲ್ಲಿ ಒಬ್ಬನೇ ವಾಸ. ಎರಡು ದಿನದಿಂದ ಎದೆನೋವು, ಎಡಗೈ ಸೆಳೆತ. ಯಾವುದೋ ದೇಶದ ಯಾವುದೋ ಬಂದರು. ಸೌಮ್ಯ ಓದಿದಳು, ಐದು ನಿಮಿಷ ಕಳೆಯಿತು, ನಾನು ಮೇಜು ತಟ್ಟಿದೆ.

"ಇವರಿಗೆ ಎಂತ ಆಗಿದೆ?" ಎಂದು ನಾನು ಕೇಳಿದೆ.

"ಸ್ವಲ್ಪ ಹುಷಾರಿಲ್ಲ," ಎಂದಳು.

ಮಕ್ಕಳೇ, ಆ ಎರಡು ಶಬ್ದಗಳನ್ನು ನಾನು ಅವಳ ಬಾಯಿಯಿಂದ ಕೇಳುವ ಮೊದಲೇ ಇನ್ನೊಬ್ಬನ ಬಾಯಿಯಿಂದ ಕೇಳಿದ್ದೆ. ಅದನ್ನು ಇಲ್ಲಿ ಹೇಳಲೇಬೇಕು.

ನಿಮ್ಮ ಅಜ್ಜ ಪಣಂಬೂರಿನ ಬಂದರಿನಲ್ಲಿ ಕೆಲಸಕ್ಕಿದ್ದರು. ಅಲ್ಲೇ ಒಂದು ರೂಮು ಮಾಡಿಕೊಂಡು ಶನಿವಾರ ಊರಿಗೆ ಬರುತ್ತಿದ್ದರು. ನಾನೂ ಸೌಮ್ಯಳೂ ಕಟೀಲಿನ ಆಚೆ ನಮ್ಮ ಹಳ್ಳಿಯ ಮನೆಯಲ್ಲಿ. ಅವಳಿಗೆ ಆಗ ಹತ್ತು ವರ್ಷ. ಒಂದು ಬುಧವಾರ ಮಧ್ಯಾಹ್ನ ಅಜ್ಜನ ಜೊತೆ ಕೆಲಸ ಮಾಡುವ ಶೀನಣ್ಣ ಜೀಪಿನಲ್ಲಿ ಬಂದ. ಅಂಗಳದಲ್ಲೇ ನಿಂತು, ಅಣ್ಣನಿಗೆ ಸ್ವಲ್ಪ ಹುಷಾರಿಲ್ಲ, ಜ್ವರ, ನೀವು ಒಮ್ಮೆ ಬರಬೇಕಂತೆ ಎಂದ. ಉರಿಬಿಸಿಲು. ಅವನ ಅಂಗಿ ಬೆವರಿಗೆ ಮೈಗಂಟಿತ್ತು. ಯಾರು ಬಂದರೂ ಮೊದಲು ನೀರೂ ಬೆಲ್ಲವೂ ಕೊಡುವುದು ನಮ್ಮ ಕ್ರಮ. ಸೌಮ್ಯ ಓಡಿಹೋಗಿ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಳು. ಶೀನಣ್ಣ ಬೇಡ ಮಗಾ ಎಂದ. ಜಗಲಿಗೆ ಹತ್ತಿ ಕೂತುಕೊಳ್ಳಿ ಎಂದರೆ ಅದೂ ಬೇಡ ಎಂದ.

ಸಾವಿನ ಸುದ್ದಿ ತಂದವರು ಆ ಮನೆಯ ನೀರು ಮುಟ್ಟುವುದಿಲ್ಲ, ಜಗಲಿ ಹತ್ತುವುದಿಲ್ಲ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿತ್ತು. ಹತ್ತು ವರ್ಷದ ಹುಡುಗಿಗೆ ಗೊತ್ತಿರಲಿಲ್ಲ. ಅವಳು ಚೆಂಬು ಹಿಡಿದುಕೊಂಡು ನನ್ನ ಕಡೆ ತಿರುಗಿ ಅಪ್ಪನಿಗೆ ಎಂತ ಎಂದು ಕೇಳಿದಳು. ನಾನು ಜ್ವರ ಎಂದೆ.

ಜ್ವರ ಬಂದಾಗ ಅಜ್ಜನಿಗೆ ಗಂಜಿಯ ಜೊತೆ ಮಿಡಿ ಉಪ್ಪಿನಕಾಯಿ ಬೇಕಿತ್ತು. ಅವಳು ಅದನ್ನು ಒಂದು ಸಣ್ಣ ಬಾಟ್ಲಿಗೆ ತುಂಬಿಸಿ ಮುಚ್ಚಳಕ್ಕೆ ಬಟ್ಟೆ ಕಟ್ಟಿಕೊಂಡಳು. ನಾನು ನೋಡಿದೆ, ಬೇಡ ಎನ್ನಲಿಲ್ಲ. ಪಣಂಬೂರಿನವರೆಗೂ ಜೀಪಿನಲ್ಲಿ ಅದು ಅವಳ ಮಡಿಲಲ್ಲೇ ಇತ್ತು. ರೂಮಿನ ಎದುರು ಅಷ್ಟು ಜನ ಸೇರಿದ್ದರು. ಅವರ ನಡುವೆ ಅವಳು ನುಗ್ಗಿ ಒಳಗೆ ಹೋದಳು, ಬಾಟ್ಲಿ ಹಿಡಿದುಕೊಂಡೇ.

ಅಂದಿನಿಂದ ಸೌಮ್ಯ ಶೀನಣ್ಣನನ್ನು ಕ್ಷಮಿಸಲಿಲ್ಲ. ನಮ್ಮಿಬ್ಬರಿಗೂ ಸುಳ್ಳು ಹೇಳಿ ಕರೆದುಕೊಂಡು ಹೋದ ಎನ್ನುತ್ತಿದ್ದಳು. ನಮ್ಮಿಬ್ಬರಿಗೂ ಎನ್ನುವ ಆ ಮಾತಿನಲ್ಲಿ ನಾನೂ ಅವಳೂ ಒಂದೇ ಕಡೆ ಇದ್ದೆವು. ಮದುವೆಗೆ ಅವನನ್ನು ಕರೆಯುವುದು ಬೇಡ ಎಂದಳು, ನಾನು ಕರೆಯಲಿಲ್ಲ. ಒಮ್ಮೆ ಬಸ್ ನಿಲ್ದಾಣದಲ್ಲಿ ಅವನು ಹತ್ತಿರ ಬಂದು ಹೇಗಿದ್ದೀ ಮಗಾ ಎಂದಾಗ ಮುಖ ತಿರುಗಿಸಿ ಹೋದಳು. ಶೀನಣ್ಣ ನನ್ನನ್ನು ನೋಡಿದ. ನನಗೆ ಗೊತ್ತಿತ್ತೆಂದು ಅವನಿಗೆ ಗೊತ್ತು. ಆದರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಕೆಲವು ವರ್ಷದ ನಂತರ ಅವನು ತೀರಿಕೊಂಡ.

ಆ ಹಾಳೆಯ ರೋಗಿಗೆ ಸೌಮ್ಯ ಅಂದು ಪತ್ರ ಬರೆಯಲೇ ಇಲ್ಲ. ತಲೆನೋವು ಎಂದು ಎದ್ದುಹೋದಳು. ಪರೀಕ್ಷೆಗೆ ಹನ್ನೆರಡು ದಿನ ಇತ್ತು. ಪರೀಕ್ಷೆಯಲ್ಲಿ ಇಂಥದೇ ರೋಗಿ ಬಂದರೆ? ಸುತ್ತಿ ಹೇಳುವುದನ್ನು ಅವಳಿಗೆ ಕಲಿಸಿದ್ದು ಶೀನಣ್ಣ ಅಲ್ಲ, ನಾನು. ಹೇಳಿಬಿಡಲೇ? ಹೇಳಿದರೆ, ಇಷ್ಟು ವರ್ಷ ನನ್ನನ್ನು ನಂಬಿ ಬೆಳೆದವಳು ಪರೀಕ್ಷೆಯ ಹೊತ್ತಿಗೆ ಕುಸಿದುಹೋದರೆ? ನಿಮ್ಮ ಪಪ್ಪ ಮಸ್ಕತ್‌ನ ಆ ರೂಮಿನಲ್ಲೇ ಉಳಿಯುತ್ತಾನೆ, ಇಶಿ ಮುಂದಿನ ರಜೆಗೂ ಫ್ರಿಜ್ಜಿನ ಹಿಂದೆ ಹೋಗುತ್ತಾಳೆ, ಎಲ್ಲ ನನ್ನಿಂದ. ಹೇಳದಿದ್ದರೂ ಅದೇ ಆಗಬಹುದು. ಬಟ್ಟೆ ಒಣಗದ ಆ ದಿನಗಳಲ್ಲಿ ನಾನು ಒಂದೇ ಸೀರೆಯನ್ನು ಮೂರು ಸಲ ಇಸ್ತ್ರಿ ಮಾಡಿದೆ. ಒಂದು ಸಲ ಸೆರಗು ಸುಟ್ಟೆ.

ಪರೀಕ್ಷೆಗೆ ಆರು ದಿನ ಇರುವಾಗ ಸೌಮ್ಯ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮೇಡಂ ಮತ್ತೆ ಬೈದಿದ್ದರು.

"ನಾನು ಆ ಶೀನಣ್ಣನ ಹಾಗೆ ಬರೀತೇನೆ ಅಂತ ಕಾಣ್ತದೆ," ಎಂದಳು. "ನಮ್ಮಿಬ್ಬರಿಗೆ ಮಾಡಿದ ಹಾಗೆ."

ನಾನು ಕೈಯಲ್ಲಿದ್ದ ಬಂಗುಡೆ ಮೀನನ್ನು ಕೆಳಗಿಟ್ಟು ಕೈ ತೊಳೆದೆ. ನೀರು ಬಿಟ್ಟದ್ದನ್ನು ನಿಲ್ಲಿಸಲು ಮರೆತೆ.

"ನನಗೆ ಗೊತ್ತಿತ್ತು," ಎಂದೆ.

"ಎಂತ?"

"ಅಪ್ಪ ಹೋದದ್ದು. ಅಂಗಳದಲ್ಲೇ ಗೊತ್ತಾಗಿತ್ತು. ಶೀನಣ್ಣ ನೀರು ಕುಡಿಯಲಿಲ್ಲ. ಸುದ್ದಿ ತಂದವರು ಕುಡಿಯುದಿಲ್ಲ. ನಿನಗೆ ಜ್ವರ ಅಂತ ಹೇಳಿದ್ದು ಸುಳ್ಳು, ನಾನು ಹೇಳಿದ ಸುಳ್ಳು."

ಅವಳು ನಲ್ಲಿಯನ್ನು ನಿಲ್ಲಿಸಿದಳು. ಮತ್ತೆ ಒಂದೇ ಪ್ರಶ್ನೆ ಕೇಳಿದಳು.

"ನಾನು ಬಾಟ್ಲಿಗೆ ಉಪ್ಪಿನಕಾಯಿ ತುಂಬಿಸುವಾಗ ನೀನು ನೋಡಿದ್ದಿ ಅಲ್ವಾ?"

"ನೋಡಿದ್ದೆ."

ಕಾರಣ ಹೇಳಲು ನಾನು ಬಾಯಿ ತೆರೆದೆ. ನೀನು ಸಣ್ಣವಳು, ದಾರಿಯಲ್ಲಿ ಅತ್ತರೆ ನನ್ನಿಂದ ಆಗುತ್ತಿರಲಿಲ್ಲ, ನನಗೇ ನಂಬಲು ಧೈರ್ಯವಿರಲಿಲ್ಲ. ಎಲ್ಲವೂ ನಿಜವೇ. ಅವನ್ನು ಹೇಳುವ ಮೊದಲೇ ಅವಳು ಡ್ಯೂಟಿಯ ಚೀಲ ತೆಗೆದುಕೊಂಡು ಇಳಿದುಹೋದಳು. ಕೊಡೆ ಬಾಗಿಲಲ್ಲೇ ಇತ್ತು. ನಾನು ಕಿಟಕಿಯಿಂದ ನೋಡಿದೆ. ಅವಳು ಮಳೆಯಲ್ಲಿ ನೆನೆದುಕೊಂಡೇ ಓಣಿ ದಾಟಿದಳು.

ಮತ್ತಿನ ಆರು ದಿನ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಮಕ್ಕಳ ಊಟ ಆಯಿತಾ, ಹಾಲು ತರಬೇಕಾ, ಅಷ್ಟೇ. ಮೂರೂವರೆಗೆ ಮೇಜಿಗೆ ಕೂತು ಫೋನಿನಲ್ಲೇ ಅಲಾರಂ ಇಟ್ಟುಕೊಂಡಳು. ಗಡಿಯಾರದ ಎದುರಿನ ನನ್ನ ಕುರ್ಚಿ ಖಾಲಿ. ಡಾಕ್ಟರ್ ಅಜ್ಜಿ ಯಾಕೆ ಕೂರುವುದಿಲ್ಲ ಎಂದು ಅನ್ವಿ ಕೇಳಿದಳು. ಸೌಮ್ಯಳ ಪೆನ್ನು ಕಾಗದದ ಮೇಲೆ ಓಡುವ ಸದ್ದು ನನಗೆ ಅಡುಗೆಮನೆಗೆ ಕೇಳುತ್ತಿತ್ತು. ಒಮ್ಮೊಮ್ಮೆ ನಿಲ್ಲುತ್ತಿತ್ತು. ಒಂದು ಬದುಕಿನ ತಪ್ಪನ್ನು ಮುಚ್ಚಿಡುವುದಕ್ಕಿಂತ ಕೆಟ್ಟದ್ದು ಯಾವುದೆಂದರೆ ಅದನ್ನು ಕೆಟ್ಟ ಹೊತ್ತಿನಲ್ಲಿ ಹೇಳುವುದು ಎಂದು ನನ್ನನ್ನೇ ಬೈದುಕೊಂಡೆ.

ಪರೀಕ್ಷೆ ಕೊಡಿಯಾಲ್‌ಬೈಲಿನಲ್ಲಿ. ಅವಳು ಬೇಡ ಎನ್ನಲಿಲ್ಲವೆಂದು ನಾನೂ ರಿಕ್ಷಾ ಹತ್ತಿದೆ. ನಿಮ್ಮನ್ನು ಕೆಳಗಿನ ಮನೆಯಲ್ಲಿ ಬಿಟ್ಟಿದ್ದೆವು. ರಸ್ತೆ ತುಂಬ ನೀರು, ವಾಹನಗಳು ಅಲುಗಾಡುತ್ತಿರಲಿಲ್ಲ. ಹೊತ್ತು ಮೀರಿದರೆ ಗೇಟು ಮುಚ್ಚುತ್ತಾರೆ ಎಂದು ಗೊತ್ತಿತ್ತು. ನಾನು ರಿಕ್ಷಾದ ಸರಳನ್ನು ಹಿಡಿದುಕೊಂಡು ಮನಸ್ಸಿನಲ್ಲೇ ಊರಿನ ದೈವಕ್ಕೆ ಹೇಳಿಕೊಂಡೆ. ಗೇಟಿನಲ್ಲಿ ಇಳಿದಾಗ ಇನ್ನು ಹತ್ತು ನಿಮಿಷ ಉಳಿದಿತ್ತು. ಅವಳು ಒಳಗೆ ಹೋಗಲು ಹೊರಟವಳು ನಿಂತಳು.

"ಶೀನಣ್ಣನ ಹೆಂಡತಿ ಇದ್ದಾರಾ ಈಗ?"

"ಇದ್ದಾರೆ. ಪಣಂಬೂರಿನಲ್ಲೇ, ಮಗಳ ಮನೆಯಲ್ಲಿ."

ತಲೆಯಾಡಿಸಿ ಒಳಗೆ ಹೋದಳು. ನಾನು ಎದುರಿನ ಕಟ್ಟಡದ ಸೂರಿನ ಕೆಳಗೆ ನಿಂತೆ. ಅಲ್ಲಿ ಗಡಿಯಾರ ಇರಲಿಲ್ಲ. ಆದರೂ ಇಷ್ಟು ಹೊತ್ತಿಗೆ ಐದು ನಿಮಿಷ ಆಗಿರಬೇಕು, ಈಗ ಪೆನ್ನು ತೆಗೆದಿರಬೇಕು, ಈಗ ಮೊದಲ ವಾಕ್ಯ ಎಂದು ಎಣಿಸುತ್ತಲೇ ಇದ್ದೆ. ಯಾವ ಭಾಗ ಮೊದಲು ಬರುತ್ತದೆಂದು ಕೂಡ ನನಗೆ ಗೊತ್ತಿರಲಿಲ್ಲ. ಸೀರೆಯ ಕೆಳಗಿನ ಅರ್ಧ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿತ್ತು. ಹೊರಗೆ ಬಂದ ಮೇಲೆ, ಹಾಳೆಯ ರೋಗಿ ಒಬ್ಬ ಹುಡುಗಿ, ಆಸ್ತಮಾ ಎಂದು ಅವಳೇ ಹೇಳಿದಳು.

ಫಲಿತಾಂಶಕ್ಕೆ ಎರಡು ವಾರದ ಮೇಲೆ ಕಾಯಬೇಕಿತ್ತು. ಆಟಿ ಕಳೆದು ಸೋಣ ತಿಂಗಳು ಬಂತು. ಒಂದು ಭಾನುವಾರ ಅವಳು ಹಣ್ಣು ಕಟ್ಟಿಸಿಕೊಂಡು ಒಬ್ಬಳೇ ಪಣಂಬೂರಿಗೆ ಹೋದಳು. ಸಂಜೆ ಬಂದವಳ ಕಣ್ಣು ಊದಿತ್ತು. ಅಲ್ಲಿ ಯಾರು ಏನು ಹೇಳಿದರೆಂದು ನನಗೆ ಇಂದಿಗೂ ತಿಳಿಯದು. ಬಂದವಳೇ ನನ್ನ ಪಕ್ಕದಲ್ಲಿ ಕೂತು ಬಸಳೆ ಸೊಪ್ಪು ಬಿಡಿಸತೊಡಗಿದಳು.

ಒಂದು ಮಧ್ಯಾಹ್ನ ವಾರ್ಡಿನಿಂದ ಫೋನು ಬಂತು. ಹಲೋ ಎನ್ನುವಷ್ಟರಲ್ಲೇ ಪಾಸಾಯಿತು ಅಮ್ಮ ಎಂದಳು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅವಳು ಅಳುತ್ತಿದ್ದಳು, ಹಿಂದಿನಿಂದ ಯಾರೋ ಸಿಸ್ಟರ್ ಎಂದು ಕರೆಯುತ್ತಿದ್ದರು. ಹೆದರಿಕೆ ಮುಗಿಯಿತು ಎಂದುಕೊಂಡೆ. ಒಂದು ಗಂಟೆಯೂ ಆಗಲಿಲ್ಲ, ಇನ್ನೊಂದು ಹೆದರಿಕೆ ಬಂತು.

ಕಾಗದಪತ್ರದಲ್ಲಿ ಇದ್ದದ್ದು ಹೀಗೆ. ಮೊದಲು ಅವಳು ಒಬ್ಬಳೇ ಹೋಗಬೇಕು. ಅಲ್ಲಿ ಕೆಲಸ ಗಟ್ಟಿಯಾಗಿ, ಮನೆ ಸಿಕ್ಕಿ, ನಿಮ್ಮ ವೀಸಾ ಆಗುವಷ್ಟರಲ್ಲಿ ಎಂಟು ತಿಂಗಳಾದರೂ ಬೇಕು. ಅಲ್ಲಿಯವರೆಗೆ ನೀವು ನನ್ನ ಜೊತೆ. ಅವಳ ವೀಸಾ ಬಂದು ಹೊರಡುವ ದಿನ ಗೊತ್ತಾದಾಗ ನಿಮ್ಮ ಪಪ್ಪ ಫೋನಿನಲ್ಲಿ, ಮಕ್ಕಳಿಗೆ ಈಗ ಹೇಳುವುದು ಬೇಡ, ಅವರು ಶಾಲೆಯಲ್ಲಿರುವಾಗ ಹೊರಟುಬಿಡು, ಟ್ರೈನಿಂಗಿಗೆ ಹೋಗಿದ್ದಾಳೆ ಅಂತ ನಿನ್ನ ಅಮ್ಮ ಹೇಳಲಿ ಎಂದ. ಅವನದು ಕೆಟ್ಟ ಮನಸ್ಸಲ್ಲ. ಪ್ರತಿ ಸಲ ಅವನು ಹೋದದ್ದೂ ಹಾಗೆಯೇ, ನೀವು ನಿದ್ದೆಯಲ್ಲಿರುವಾಗ. ನಾನು ಅಭ್ಯಾಸದಿಂದ ಸರಿ ಎಂದು ತಲೆಯಾಡಿಸಿಬಿಟ್ಟೆ. ಸೌಮ್ಯ ನನ್ನನ್ನು ನೋಡಿದಳು.

"ಇಲ್ಲ. ಹೇಳ್ಬೇಕು," ಎಂದಳು. "ನೀನೇ ಹೇಳು ಅಮ್ಮ. ನಾನು ಪಕ್ಕದಲ್ಲಿ ಇರ್ತೇನೆ. ನಾನು ಹೋದ ಮೇಲೆ ಅವರು ಕೇಳುದು ನಿನ್ನನ್ನೇ. ನಿನ್ನ ಮಾತು ಅವರು ನಂಬಬೇಕು."

ಅವಳು ಪರೀಕ್ಷೆಗೆ ಹೆದರಿದ್ದಕ್ಕಿಂತ ಹೆಚ್ಚು ನಾನು ಆ ಒಂದು ವಾಕ್ಯಕ್ಕೆ ಹೆದರಿದೆ. ಎರಡು ದಿನ ದೂಡಿದೆ. ಮೂರನೆಯ ದಿನ ಶಾಲೆಯಿಂದ ಬಂದು ನೀವು ಅವಲಕ್ಕಿ ತಿನ್ನುತ್ತಿದ್ದಿರಿ. ಸೌಮ್ಯ ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು. ನಾನು ಶಾಲೆಯ ವಿಷಯ ಕೇಳಲಿಲ್ಲ, ಅವಲಕ್ಕಿಗೆ ಸಕ್ಕರೆ ಸಾಕಾ ಎಂದೂ ಕೇಳಲಿಲ್ಲ.

"ಅಮ್ಮ ಬರುವ ಸೋಮವಾರ ಐರ್ಲೆಂಡಿಗೆ ಹೋಗ್ತಾಳೆ," ಎಂದೆ. "ಎಂಟು ತಿಂಗಳು ನೀವು ನನ್ನ ಹತ್ತಿರ ಇರ್ತೀರಿ. ಆಮೇಲೆ ಪಪ್ಪನ ಜೊತೆ ನೀವೂ ಅಲ್ಲಿಗೆ ಹೋಗ್ತೀರಿ."

ಇಶಿ, ನೀನು ತಟ್ಟೆ ದೂಡಿದೆ. ಅವಲಕ್ಕಿ ನೆಲದ ತುಂಬ ಚೆಲ್ಲಿತು. ನೀನು ಎಷ್ಟು ಕಿರುಚಿದೆಯೆಂದರೆ ಕೆಳಗಿನ ಮನೆಯವರು ಓಡಿ ಬಂದರು. ಅಮ್ಮ ನಿನ್ನನ್ನು ಎತ್ತಿಕೊಂಡಳು, ನೀನು ಅವಳ ಭುಜ ಕಚ್ಚಿದೆ. ಆ ಗುರುತು ವಿಮಾನ ಹತ್ತುವಾಗಲೂ ಇತ್ತಂತೆ.

ಅನ್ವಿ, ನೀನು ಅಳಲಿಲ್ಲ. ಅದಕ್ಕೆ ನನಗೆ ಹೆಚ್ಚು ಭಯವಾಯಿತು. ನೀನು ನನ್ನ ಹತ್ತಿರ ಬಂದು ನನ್ನ ಗದ್ದ ಹಿಡಿದು ಮುಖವನ್ನು ನಿನ್ನ ಕಡೆಗೆ ತಿರುಗಿಸಿದೆ.

"ಅಜ್ಜಿ, ಅಮ್ಮ ಅಲ್ಲಿ ಸತ್ತುಹೋಗುದಿಲ್ಲ ಅಲ್ವ? ಪ್ರಾಮಿಸ್ ಮಾಡು."

ಮಾಡಬಹುದಿತ್ತು. ಯಾವ ಅಜ್ಜಿಯಾದರೂ ಮಾಡುತ್ತಿದ್ದಳು. ಸೌಮ್ಯ ಇಶಿಯನ್ನು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು.

"ಪ್ರಾಮಿಸ್ ಮಾಡ್ಲಿಕ್ಕೆ ನನಗೆ ಆಗುದಿಲ್ಲ ಮಗಾ," ಎಂದೆ. "ಅವಳು ಚೆನ್ನಾಗಿ ಇರ್ತಾಳೆ ಅಂತ ನಾನು ನಂಬಿದ್ದೇನೆ. ಆದ್ರೆ ಎಂತ ಆದ್ರೂ, ಒಳ್ಳೆಯದೋ ಕೆಟ್ಟದ್ದೋ, ನನಗೆ ಗೊತ್ತಾದ ಕೂಡಲೇ ನಿನಗೆ ಹೇಳ್ತೇನೆ. ಇಷ್ಟು ಮಾತ್ರ ಪ್ರಾಮಿಸ್."

ನೀನು ಸರಿ ಎಂದೆ. ಮತ್ತೆ ಕೂತು ನೆಲದ ಅವಲಕ್ಕಿ ಹೆಕ್ಕತೊಡಗಿದೆ.

ನೀವು ಹೊರಡಲು ಎಂಟು ತಿಂಗಳು ಎಂದದ್ದು ಹತ್ತಾಯಿತು. ಆ ಹತ್ತು ತಿಂಗಳೂ ಫೋನು ಸದ್ದು ಮಾಡಿದಾಗಲೆಲ್ಲ ನಾನು ಹೆದರುತ್ತಿದ್ದೆ. ಕೊಟ್ಟ ಮಾತನ್ನು ನಡೆಸಬೇಕಾಗಿ ಬಂದರೆ ಎಂದು. ಎರಡು ಸಲ ಸೌಮ್ಯಳಿಗೆ ಜ್ವರ ಬಂತು, ನಿಮಗೆ ಹೇಳಿದೆ. ಒಮ್ಮೆ ಹಿಮದಲ್ಲಿ ಜಾರಿ ಕೈ ಮುರಿದುಕೊಂಡಳು, ಅದನ್ನೂ ಹೇಳಿದೆ. ಇಶಿ ಅತ್ತಳು. ಅನ್ವಿ ಯಾವ ಕೈ ಎಂದು ಮಾತ್ರ ಕೇಳಿದಳು. ನಾನು ಫೋನು ಕಿವಿಗೆ ಹಿಡಿದಾಗ ಅನ್ವಿ ಎಲ್ಲಿದ್ದರೂ ಬಂದು ಎದುರು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಲಿಲ್ಲ.